ಖಿನ್ನತೆಯ ಮಾತ್ರೆ: ಮೊದಲ ಆರು ವಾರಗಳ ಆರೈಕೆ

ರಾಗಿಯ ಬೆಂಕಿ ರೋಗ, ತೊಗರಿಯ ಕಾಯಿಕೊರಕ, ಮಣ್ಣು ಪರೀಕ್ಷೆ ಮೊದಲಾದ ವಿಷಯಗಳನ್ನು ಈ ಪುಟಗಳಲ್ಲಿ ನೀವು ಓದುತ್ತ ಬಂದಿದ್ದೀರಿ. ಈ ಲೇಖನ ಬೆಳೆಯನ್ನು ಕುರಿತದ್ದಲ್ಲ, ಬೆಳೆಗಾರನನ್ನು ಕುರಿತದ್ದು. ಮನಸ್ಸಿನ ಖಿನ್ನತೆಗೆ ವೈದ್ಯರು ಮಾತ್ರೆ ಬರೆದುಕೊಟ್ಟಾಗ, ಅದು ಮೈಗೆ ಒಗ್ಗುವ ತನಕ ಏನೇನಾಗುತ್ತದೆ, ಆ ದಿನಗಳನ್ನು ಹೇಗೆ ದಾಟಬೇಕು ಎಂಬುದೇ ಇಲ್ಲಿಯ ವಿಷಯ.

ನಾನು ವೈದ್ಯನಲ್ಲ, ಬೇಸಾಯಶಾಸ್ತ್ರಜ್ಞ. ಆದರೆ ಈ ಮಾತ್ರೆ ನುಂಗಿದವರಲ್ಲಿ ನಾನೂ ಒಬ್ಬ. ಬೆಂಗಳೂರಿನ ದಕ್ಷಿಣಕ್ಕೆ, ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿ ನನ್ನ ಮನೆ. ಹಿಂದೆ ಹೊಲ ತೋಟಗಳಿದ್ದ ಈ ಊರು ಈಗ ನಗರದೊಳಗೆ ಸೇರಿಹೋಗಿದೆ. ಇಲ್ಲಿಂದ ನಿಮ್ಹಾನ್ಸ್ ಸಂಸ್ಥೆಗೆ ಐದಾರು ಕಿಲೋಮೀಟರ್ ಮಾತ್ರ. ಆದರೂ "ನಿನ್ನನ್ನು ನಿಮ್ಹಾನ್ಸಿಗೆ ಸೇರಿಸಬೇಕು" ಎಂಬುದು ನಮ್ಮ ಕಡೆ ಬೈಗುಳವಾಗಿಯೇ ಬಳಕೆಯಲ್ಲಿದೆ. ಆ ಒಂದು ಮಾತಿನಿಂದ ಐದು ಕಿಲೋಮೀಟರ್ ದಾರಿ ಎಷ್ಟೋ ಜನರಿಗೆ ಐದು ವರ್ಷದ ದಾರಿಯಾಗಿದೆ.

ಎಷ್ಟು ಜನರಿಗೆ ಈ ತೊಂದರೆ?

ನಿಮ್ಹಾನ್ಸ್ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಅದರ ಪ್ರಕಾರ ವಯಸ್ಕರಲ್ಲಿ ಇಪ್ಪತ್ತು ಮಂದಿಗೆ ಒಬ್ಬರು ಈಗಲೋ ಹಿಂದೆಂದೋ ಖಿನ್ನತೆಗೆ ಒಳಗಾದವರು. ಖಿನ್ನತೆ ಇರುವ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಯಾವ ಕೆಲಸದಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ರೆ ಮತ್ತು ಹಸಿವು ಕೆಡುವುದು, ಮೈ ಭಾರವಾಗುವುದು, ತನ್ನಿಂದ ಯಾರಿಗೂ ಪ್ರಯೋಜನವಿಲ್ಲವೆನಿಸುವುದು, ಸಾವಿನ ಯೋಚನೆ ಬರುವುದು ಇದರ ಮುಖ್ಯ ಲಕ್ಷಣಗಳು. ನಮ್ಮ ಹಳ್ಳಿಗಳಲ್ಲಿ ಇದನ್ನು ಸೋಮಾರಿತನವೆಂದೋ, ಗಾಳಿ ಸೋಕಿದೆಯೆಂದೋ ತಿಳಿಯುವುದುಂಟು. ಇದು ಕಾಯಿಲೆ. ಎಲ್ಲರಿಗೂ ಮಾತ್ರೆಯೇ ಬೇಕೆಂದಿಲ್ಲ. ಸೌಮ್ಯವಾಗಿದ್ದರೆ ಆಪ್ತ ಸಮಾಲೋಚನೆಯಿಂದಲೂ ಗುಣ ಕಾಣಬಹುದು. ಬೇಕೋ ಬೇಡವೋ ಎಂಬುದನ್ನು ವೈದ್ಯರು ನಿರ್ಧರಿಸಬೇಕು.

ಮಾತ್ರೆ ಮಾಡುವ ಕೆಲಸ

1957ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ರೋಲಾಂಡ್ ಕೂನ್ ಅವರು ಇಮಿಪ್ರಮಿನ್ ಎಂಬ ಔಷಧಿಯಿಂದ ಖಿನ್ನತೆ ಇಳಿಯುವುದನ್ನು ಪ್ರಕಟಿಸಿದರು. 1987ರಲ್ಲಿ ಅಮೆರಿಕದಲ್ಲಿ ಫ್ಲೂಆಕ್ಸೆಟಿನ್‌ಗೆ ಅನುಮತಿ ದೊರೆಯಿತು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಸರ್ಟ್ರಲಿನ್, ಎಸ್ಸಿಟಾಲೊಪ್ರಾಮ್ ಮೊದಲಾದವು ಈ ಫ್ಲೂಆಕ್ಸೆಟಿನ್ ಗುಂಪಿಗೇ ಸೇರಿವೆ.

ಮೆದುಳಿನ ನರಕೋಶಗಳು ಕೆಲವು ರಾಸಾಯನಿಕಗಳ ಮೂಲಕ ಒಂದಕ್ಕೊಂದು ಸಂದೇಶ ಮುಟ್ಟಿಸುತ್ತವೆ. ಅವುಗಳಲ್ಲಿ ಸೆರೊಟೋನಿನ್ ಒಂದು. ಸಂದೇಶ ಮುಟ್ಟಿದ ಮೇಲೆ ನರಕೋಶ ಅದನ್ನು ಮರಳಿ ಹೀರಿಕೊಳ್ಳುತ್ತದೆ. ಮೇಲೆ ಹೇಳಿದ ಮಾತ್ರೆಗಳು ಈ ಹೀರುವಿಕೆಯನ್ನು ತಡೆಯುತ್ತವೆ. ಹಾಗೆಂದು ಖಿನ್ನತೆಯೆಂದರೆ ಸೆರೊಟೋನಿನ್ ಕೊರತೆ, ಮಾತ್ರೆಯೆಂದರೆ ಆ ಕೊರತೆ ತುಂಬುವ ಗೊಬ್ಬರ ಎಂದು ತಿಳಿಯಬಾರದು. ವಿಷಯ ಅಷ್ಟು ಸರಳವಲ್ಲ.

ನೀವು ಮುಖ್ಯವಾಗಿ ತಿಳಿಯಬೇಕಾದುದು ಇದು. ಮಾತ್ರೆ ಮೆದುಳಿನ ರಾಸಾಯನಿಕದ ಮೇಲೆ ಕೆಲವೇ ಗಂಟೆಗಳಲ್ಲಿ ಪರಿಣಾಮ ಬೀರುತ್ತದೆ. ಆದರೆ ಮೆದುಳು ಆ ಬದಲಾವಣೆಗೆ ಹೊಂದಿಕೊಂಡು ಮನಸ್ಸು ಹಗುರಾಗಲು ಸಾಮಾನ್ಯವಾಗಿ 2ರಿಂದ 4 ವಾರ, ಪೂರ್ಣ ಗುಣ ಕಾಣಲು 6ರಿಂದ 8 ವಾರ ಬೇಕು. ಅಡ್ಡಪರಿಣಾಮಗಳು ಮಾತ್ರ ಮೊದಲ ವಾರದಲ್ಲೇ ಬರುತ್ತವೆ. ಅಂದರೆ ಕಷ್ಟ ಮೊದಲು, ಫಲ ಆಮೇಲೆ. ಸಸಿಮಡಿಯಿಂದ ಕಿತ್ತು ನೆಟ್ಟ ಪೈರು ಮೊದಲ ಕೆಲವು ದಿನ ಬಾಡಿ, ಬೇರು ಹಿಡಿದ ಮೇಲೆ ತಲೆ ಎತ್ತುವುದನ್ನು ನೀವು ಪ್ರತಿ ವರ್ಷ ನೋಡುತ್ತೀರಿ. ಬಾಡಿದ ಪೈರನ್ನು ನಾಲ್ಕನೆಯ ದಿನ ಯಾರೂ ಕಿತ್ತೆಸೆಯುವುದಿಲ್ಲ. ಆದರೆ ಮಾತ್ರೆಯನ್ನು ಹತ್ತನೆಯ ದಿನ ಬಿಟ್ಟುಬಿಡುವವರು ಬಹಳ.

ನನ್ನ ಟಿಪ್ಪಣಿ ಪುಸ್ತಕದಿಂದ

ನನಗೆ ವೈದ್ಯರು ಎಸ್ಸಿಟಾಲೊಪ್ರಾಮ್ ಅನ್ನು ಮೊದಲ ವಾರ ದಿನಕ್ಕೆ 5 ಮಿಲಿಗ್ರಾಂ, ಅನಂತರ 10 ಮಿಲಿಗ್ರಾಂ ಪ್ರಮಾಣದಲ್ಲಿ ಕೊಟ್ಟರು. ಈ ಅಂಕಿಗಳು ತಿಳಿವಳಿಕೆಗೆ ಮಾತ್ರ. ನಿಮ್ಮ ಪ್ರಮಾಣ ಬೇರೆ ಇರಬಹುದು. ಪ್ರಯೋಗ ತಾಕಿನ ವಿವರ ಬರೆಯುವ ಅಭ್ಯಾಸ ನನಗಿದ್ದುದರಿಂದ, ದಿನಕ್ಕೆರಡು ಸಾಲು ಬರೆದಿಟ್ಟೆ. ಅದರ ಸಾರಾಂಶ ಹೀಗಿದೆ:

ಮೊದಲ ವಾರ: ಬೆಳಿಗ್ಗೆ ಓಕರಿಕೆ, ಒಗ್ಗರಣೆಯ ವಾಸನೆಯೂ ಆಗದು. ಎರಡು ದಿನ ಭೇದಿ. ಮಾತ್ರೆಯನ್ನು ತಿಂಡಿಯಾದ ಮೇಲೆ ತೆಗೆದುಕೊಳ್ಳಲು ವೈದ್ಯರು ಹೇಳಿದ ಮೇಲೆ ಓಕರಿಕೆ ತಗ್ಗಿತು. ಮನಸ್ಸು ಮೊದಲಿನಂತೆಯೇ.

ಎರಡನೆಯ ವಾರ: ರಾತ್ರಿ ಎರಡು ಗಂಟೆಗೆ ಎಚ್ಚರ. ಒಳಗೊಳಗೇ ತಳಮಳ, ಕೂತಲ್ಲಿ ಕೂರಲಾರದ ಸ್ಥಿತಿ. ತಕ್ಕಡಿಯಲ್ಲಿ ಬೀಜ ತೂಗುವಾಗ ಬೆರಳು ನಡುಗಿತು. "ಇದರಿಂದ ಇದ್ದದ್ದೂ ಹೋಯಿತು, ಬಿಟ್ಟುಬಿಡೋಣ" ಎಂದು ಅತಿ ಹೆಚ್ಚು ಅನ್ನಿಸಿದ್ದು ಈ ವಾರದಲ್ಲೇ. ವೈದ್ಯರಿಗೆ ಫೋನ್ ಮಾಡಿದೆ. ಮಾತ್ರೆಯನ್ನು ಬೆಳಿಗ್ಗೆಯೇ ತೆಗೆದುಕೊಳ್ಳುವುದು, ಮಧ್ಯಾಹ್ನದ ನಂತರ ಕಾಫಿ ನಿಲ್ಲಿಸುವುದು ಎಂದು ತೀರ್ಮಾನವಾಯಿತು.

ಮೂರು ಮತ್ತು ನಾಲ್ಕನೆಯ ವಾರ: ಹೊಟ್ಟೆ ಸರಿಹೋಯಿತು. ನಿದ್ರೆ ಐದು ಗಂಟೆಗೆ ಏರಿತು. ಸುಧಾರಣೆಯನ್ನು ಮೊದಲು ಕಂಡವನು ನಾನಲ್ಲ, ನನ್ನ ಹೆಂಡತಿ. "ಎರಡು ದಿನದಿಂದ ನೀವೇ ಕೇಳಿ ಸಾರು ಹಾಕಿಸಿಕೊಂಡಿರಿ" ಎಂದಳು. ಮನೆಯವರ ಕಣ್ಣಿಗೆ ಬದಲಾವಣೆ ಮೊದಲು ಬೀಳುವುದು ಸಾಮಾನ್ಯ. ಆದ್ದರಿಂದ ಮನೆಯಲ್ಲಿ ಒಬ್ಬರಿಗಾದರೂ ವಿಷಯ ತಿಳಿದಿರಬೇಕು.

ಆರನೆಯ ವಾರ: ಬೆಳಿಗ್ಗೆ ಮಡಿವಾಳ ಕೆರೆಯ ಕಡೆಗೆ ನಡೆದುಹೋಗುವುದು ಮತ್ತೆ ಆರಂಭವಾಯಿತು. ತಿಂಗಳುಗಟ್ಟಲೆ ಮೇಜಿನ ಮೇಲೆ ಬಿದ್ದಿದ್ದ ವರದಿಯನ್ನು ಎರಡು ದಿನಗಳಲ್ಲಿ ಮುಗಿಸಿದೆ. ಅತಿಯಾದ ಸಂತೋಷವೇನೂ ಇಲ್ಲ. ಎದೆಯ ಮೇಲಿನ ಚಪ್ಪಡಿ ಸರಿದಂತೆ ಅಷ್ಟೆ. ಹೆಚ್ಚು ಬೆವರುವುದು ಮತ್ತು ದಾಂಪತ್ಯದ ಆಸಕ್ತಿ ಕುಗ್ಗುವುದು ಮಾತ್ರ ಉಳಿದವು. ಈ ಎರಡನೆಯದನ್ನು ಸಂಕೋಚದಿಂದ ಮುಚ್ಚಿಡುವವರೇ ಹೆಚ್ಚು. ವೈದ್ಯರಿಗೆ ಹೇಳಿದರೆ ಪ್ರಮಾಣ ತಗ್ಗಿಸಲು ಅಥವಾ ಮಾತ್ರೆ ಬದಲಿಸಲು ಅವಕಾಶವಿದೆ.

ನನಗೆ ಮೊದಲ ಔಷಧಿಯೇ ಒಗ್ಗಿತು. ಎಲ್ಲರಿಗೂ ಹಾಗಾಗುವುದಿಲ್ಲ. ಸರಿಯಾದ ಪ್ರಮಾಣದಲ್ಲಿ ನಾಲ್ಕಾರು ವಾರ ತೆಗೆದುಕೊಂಡರೂ ಗುಣ ಕಾಣದಿದ್ದರೆ ವೈದ್ಯರು ಬೇರೆ ಔಷಧಿ ಕೊಡುತ್ತಾರೆ. ಒಂದು ತಳಿ ನಮ್ಮ ಮಣ್ಣಿಗೆ ಹೊಂದಲಿಲ್ಲವೆಂದು ಬೇಸಾಯವನ್ನೇ ಬಿಡುವುದಿಲ್ಲವಷ್ಟೆ.

ಬೇಸಾಯಗಾರರು ಗಮನಿಸಬೇಕಾದ ಅಂಶಗಳು

1. ಸಿಂಪರಣೆ: ಕ್ಲೋರ್‌ಪೈರಿಫಾಸ್‌ನಂತಹ ಆರ್ಗನೋಫಾಸ್ಫೇಟ್ ಕೀಟನಾಶಕಗಳ ವಿಷ ಮೈಗೆ ಸೇರಿದರೆ ಬೆವರು, ಓಕರಿಕೆ, ಭೇದಿ, ನಡುಕ ಕಾಣಿಸುತ್ತವೆ. ಮಾತ್ರೆಯ ಅಡ್ಡಪರಿಣಾಮಗಳೂ ಬಹುಮಟ್ಟಿಗೆ ಇವೇ. ಯಾವುದು ಯಾವುದರಿಂದ ಎಂದು ತಿಳಿಯದೆ ಹೋದರೆ ಅಪಾಯ. ಮೊದಲ ಆರು ವಾರ ಸಿಂಪರಣೆಯನ್ನು ಬೇರೆಯವರಿಗೆ ವಹಿಸಿರಿ. ನೀವು ಸಿಂಪರಣೆ ಮಾಡುವವರೆಂದು ವೈದ್ಯರಿಗೆ ತಿಳಿಸಿರಿ. ಜೊಲ್ಲು ಸುರಿಯುವುದು, ಕಣ್ಣು ಮಂಜಾಗುವುದು, ಉಸಿರು ಕಟ್ಟುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

2. ಯಂತ್ರಗಳು: ಅಮಿಟ್ರಿಪ್ಟಿಲಿನ್, ಮಿರ್ಟಜಪಿನ್ ಮೊದಲಾದ ಮಾತ್ರೆಗಳಿಂದ ತೂಕಡಿಕೆ ಬರುತ್ತದೆ. ಅದು ನಿಮಗೆ ಎಷ್ಟರಮಟ್ಟಿಗೆ ಎಂದು ತಿಳಿಯುವ ತನಕ ಟ್ರ್ಯಾಕ್ಟರ್, ಮೇವು ಕತ್ತರಿಸುವ ಯಂತ್ರ, ಒಕ್ಕಣೆ ಯಂತ್ರಗಳ ಹತ್ತಿರ ಹೋಗಬೇಡಿ.

3. ಬಿಸಿಲು: ಕೆಲವು ಮಾತ್ರೆಗಳು ಬೆವರನ್ನು ಹೆಚ್ಚಿಸುತ್ತವೆ, ಅಮಿಟ್ರಿಪ್ಟಿಲಿನ್ ಗುಂಪಿನವು ಬೆವರನ್ನು ತಗ್ಗಿಸಿ ಬಾಯಿ ಒಣಗಿಸುತ್ತವೆ. ಎರಡರಿಂದಲೂ ಬಿಸಿಲಿನ ಕೆಲಸ ಕಷ್ಟ. ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿದು ಗೊಂದಲ, ಸುಸ್ತು ಬರಬಹುದು. ಹಾಗೆ ಕಂಡರೆ ರಕ್ತ ಪರೀಕ್ಷೆ ಮಾಡಿಸಬೇಕು.

4. ನೋವಿನ ಮಾತ್ರೆ: ಸೊಂಟನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಇವುಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಂಭವ ಹೆಚ್ಚು. ಟ್ರಮಡಾಲ್ ಅನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಮದ್ಯವನ್ನು ಪೂರ್ತಿಯಾಗಿ ಬಿಡುವುದು ಕ್ಷೇಮ.

5. ವಿಷದ ಡಬ್ಬಿಗಳು: ಇದು ಎಲ್ಲಕ್ಕಿಂತ ಮುಖ್ಯ. ಮೊದಲ ವಾರಗಳಲ್ಲಿ, ವಿಶೇಷವಾಗಿ 25 ವರ್ಷಕ್ಕಿಂತ ಚಿಕ್ಕವರಲ್ಲಿ, ತಳಮಳದ ಜೊತೆಗೆ ಸಾಯುವ ಯೋಚನೆ ಹೆಚ್ಚಾಗುವ ಸಂಭವವಿದೆ. ಕೀಟನಾಶಕವನ್ನು ಬೀಗ ಹಾಕಿ ಇಡಬೇಕು, ಬೀಗದ ಕೈ ಮನೆಯ ಇನ್ನೊಬ್ಬರ ಬಳಿ ಇರಬೇಕು. ಶ್ರೀಲಂಕಾ ಸರ್ಕಾರ 1995 ಮತ್ತು 1998ರಲ್ಲಿ ಅತಿ ವಿಷದ ಕೆಲವು ಕೀಟನಾಶಕಗಳನ್ನು ತಡೆದ ಮೇಲೆ, 2005ರ ಹೊತ್ತಿಗೆ ಅಲ್ಲಿಯ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಆ ಗಳಿಗೆಯಲ್ಲಿ ವಿಷ ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತವೆ ಎಂಬುದಕ್ಕೆ ಇದು ಸಾಕ್ಷಿ.

6. ಕೂಡಲೇ ವೈದ್ಯರನ್ನು ಕಾಣಬೇಕಾದ ಸಂದರ್ಭ: ಸಾಯುವ ಯೋಚನೆ, ಮೈಮೇಲೆ ದದ್ದು, ಜ್ವರದೊಂದಿಗೆ ನಡುಕ ಮತ್ತು ಗೊಂದಲ, ಅಥವಾ ನಿದ್ರೆಯಿಲ್ಲದಿದ್ದರೂ ವಿಪರೀತ ಹುರುಪು, ಮಾತು, ದುಂದುವೆಚ್ಚ.

ಬಿಡುವುದು ಯಾವಾಗ?

ಗುಣವಾಯಿತೆಂದು ಮಾತ್ರೆ ನಿಲ್ಲಿಸಬಾರದು. ಮೊದಲ ಸಲ ಖಿನ್ನತೆ ಬಂದವರು ಗುಣ ಕಂಡ ಮೇಲೂ 6ರಿಂದ 9 ತಿಂಗಳು ಮುಂದುವರಿಸಬೇಕು. ಮರುಕಳಿಸಿದವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು. ಬಿಡುವಾಗ ವೈದ್ಯರ ಸಲಹೆಯಂತೆ ಹಂತಹಂತವಾಗಿ ತಗ್ಗಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟು ಹೊಡೆದಂತಹ ಅನುಭವ ಆಗುವುದುಂಟು. ಇದನ್ನು ಕಂಡು "ಚಟ ಹಿಡಿಯಿತು" ಎನ್ನುವವರಿದ್ದಾರೆ. ಹೆಂಡದಂತೆ ಇನ್ನಷ್ಟು ಬೇಕೆಂಬ ಹಂಬಲ ಈ ಮಾತ್ರೆಗಳಿಂದ ಹುಟ್ಟುವುದಿಲ್ಲ. ದೇಹ ಒಗ್ಗಿದ್ದನ್ನು ನಿಧಾನವಾಗಿ ಬಿಡಿಸಬೇಕು ಅಷ್ಟೆ. ಕಟಾವಿನ ಗಡಿಬಿಡಿಯಲ್ಲಿ, ಜಾತ್ರೆಗೆ ಹೋದಾಗ ಮಾತ್ರೆ ತಪ್ಪದಂತೆ ಒಂದು ವಾರ ಮುಂಚೆಯೇ ತಂದಿಟ್ಟುಕೊಳ್ಳುವುದು ಒಳ್ಳೆಯದು.

ಮಾತ್ರೆಗೆ ಹಿಂಜರಿಯುವುದು ಓದದವರಲ್ಲಿ ಮಾತ್ರವಲ್ಲ. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ಅವರು 2014ರಲ್ಲಿ ತಮಗೆ ಬಂದ ಖಿನ್ನತೆಯನ್ನು 2015ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಮೊದಲು ಮಾತ್ರೆ ಬೇಡವೆಂದಿದ್ದು, ಸಮಾಲೋಚನೆಯೊಂದೇ ಸಾಲದೆ, ಆಮೇಲೆ ತೆಗೆದುಕೊಂಡು ಗುಣ ಕಂಡದ್ದನ್ನೂ ಹೇಳಿದರು. ಅವರು ಸ್ಥಾಪಿಸಿದ ಸಂಸ್ಥೆ ತನ್ನ ಗ್ರಾಮೀಣ ಕೆಲಸವನ್ನು ಆರಂಭಿಸಿದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲಿ.

ಚಿಕಿತ್ಸೆ ಎಲ್ಲಿ ಸಿಗುತ್ತದೆ?

ನಿಮ್ಹಾನ್ಸ್ 1974ರಲ್ಲಿ ರೂಪುಗೊಂಡ ಸ್ವಲ್ಪ ಕಾಲಕ್ಕೇ, ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಹಳ್ಳಿಗರಿಗಾಗಿ ಕೇಂದ್ರವೊಂದು ಆರಂಭವಾಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಹತ್ತಿರದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ತೋರಿಸಲಾಯಿತು. ಆ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಹೀಗಾಗಿ ನೀವು ಬೆಂಗಳೂರಿಗೇ ಬರಬೇಕಾಗಿಲ್ಲ. ನಿಮ್ಮ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನವನ್ನು ವಿಚಾರಿಸಿರಿ. ಫೋನಿನಲ್ಲಿ 14416ಕ್ಕೆ ಕರೆ ಮಾಡಿದರೆ, 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ, ಹಣವಿಲ್ಲದೆ ಸಲಹೆ ಸಿಗುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ ಪ್ರಕಾರ ಸರ್ಕಾರಿ ಚಿಕಿತ್ಸೆ ಪಡೆಯುವುದು ನಿಮ್ಮ ಹಕ್ಕು.

ಮಾತ್ರೆ ಸಾಲ ತೀರಿಸುವುದಿಲ್ಲ, ಮಳೆ ತರಿಸುವುದಿಲ್ಲ, ಟೊಮೆಟೊ ಬೆಲೆ ಏರಿಸುವುದಿಲ್ಲ. ಆದರೆ ಸೊಸೈಟಿಯ ಕಾರ್ಯದರ್ಶಿಯ ಮುಂದೆ ಕುಳಿತು ಸಾಲದ ಕಂತಿನ ಲೆಕ್ಕ ಮಾತನಾಡುವ ಶಕ್ತಿಯನ್ನು ಅದು ಮರಳಿ ಕೊಡಬಲ್ಲದು. ಮಾತ್ರೆ ಆರಂಭಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ 42ನೆಯ ದಿನಕ್ಕೆ ಇನ್ನೊಂದು ಗುರುತು ಹಾಕಿರಿ. ಆ ಎರಡು ಗುರುತುಗಳ ನಡುವೆ ಏನೇ ತೊಂದರೆಯಾದರೂ ವೈದ್ಯರಿಗೆ ಹೇಳಿರಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.