ಮೆತ್ತನೆಯ ನೆಲ, ಗಟ್ಟಿ ಚಕ್ರ

ಎತ್ತಿನ ಗಾಡಿಯಲ್ಲಿ ಪ್ರಯಾಣ ಮಾಡಿದವರಿಗೆ ಗೊತ್ತಿರುವ ಸಂಗತಿಯೊಂದಿದೆ. ಜಲ್ಲಿ ರಸ್ತೆಯಲ್ಲಿ ಬೆನ್ನುಮೂಳೆಯ ಒಂದೊಂದು ಮಣಿಯೂ ಎಣಿಕೆಗೆ ಸಿಗುತ್ತದೆ. ಅದೇ ಗಾಡಿ ಉತ್ತ ಹೊಲಕ್ಕೆ ಇಳಿದೊಡನೆ ಕುಲುಕಾಟ ತಗ್ಗಿ, ಎತ್ತುಗಳು ಏದುಸಿರು ಬಿಡತೊಡಗುತ್ತವೆ. ಮರದ ಚಕ್ರ, ಅದರ ಸುತ್ತ ಕಬ್ಬಿಣದ ಪಟ್ಟಿ. ಸ್ಪ್ರಿಂಗೂ ಇಲ್ಲ, ರಬ್ಬರೂ ಇಲ್ಲ. ಹಾಗಾದರೆ ಹೊಲದಲ್ಲಿ ಆ ಹೊಡೆತವನ್ನು ನುಂಗಿದ್ದು ಯಾವುದು? ಮಣ್ಣು. ಅದಕ್ಕೆ ಬೆಲೆ ತೆತ್ತದ್ದು ಎತ್ತುಗಳು.

ವಾಹನದ ಕಂಪನವನ್ನು ಲೆಕ್ಕ ಹಾಕುವ ಎಂಜಿನಿಯರರು ಸಾಮಾನ್ಯವಾಗಿ ರಸ್ತೆಯನ್ನು ಕಲ್ಲಿನಷ್ಟು ಗಟ್ಟಿಯೆಂದೂ, ಟೈರನ್ನು ಒಂದು ಸ್ಪ್ರಿಂಗ್ ಎಂದೂ ಭಾವಿಸಿಕೊಳ್ಳುತ್ತಾರೆ. ಚಕ್ರ ಗಟ್ಟಿಯಾಗಿ ನೆಲ ಮೆತ್ತಗಿದ್ದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಆಗ ನೆಲವೇ ಸ್ಪ್ರಿಂಗ್. ಆದರೆ ಅದೆಂಥ ಸ್ಪ್ರಿಂಗ್! ಒತ್ತಿದರೆ ಕುಸಿಯುತ್ತದೆ, ಕುಸಿದಷ್ಟೂ ಬಿಗಿಯಾಗುತ್ತದೆ, ಬಿಟ್ಟರೆ ಮೊದಲಿನ ಮಟ್ಟಕ್ಕೆ ಏಳುವುದಿಲ್ಲ. ಮುಂದಿನ ಚಕ್ರ ತುಳಿದು ಹೋದ ಜಾಗದಲ್ಲಿ ಹಿಂದಿನ ಚಕ್ರಕ್ಕೆ ಸಿಗುವುದು ಬೇರೆಯೇ ನೆಲ.

ಇಂಥ ನೆಲವನ್ನು ಅಂಕಿಗಳಿಗೆ ಇಳಿಸಲು ದಾರಿ ಮಾಡಿದವರಲ್ಲಿ ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಂ. ಜಿ. ಬೆಕ್ಕರ್ ಪ್ರಮುಖರು. 1956ರಲ್ಲಿ ಅವರ ಪ್ರಸಿದ್ಧ ಗ್ರಂಥ ಪ್ರಕಟವಾಯಿತು. ಅವರ ವಿಧಾನ ಸರಳ: ಬೇರೆ ಬೇರೆ ಅಗಲದ ಉಕ್ಕಿನ ಫಲಕಗಳನ್ನು ಮಣ್ಣಿಗೆ ಒತ್ತಿ, ಎಷ್ಟು ಒತ್ತಡಕ್ಕೆ ಎಷ್ಟು ಆಳ ಎಂದು ಅಳೆಯುವುದು. ಆ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಆದರೆ ಫಲಕವನ್ನು ನಿಧಾನವಾಗಿ ಒತ್ತುವುದು ಬೇರೆ, ಪುಟಿಯುವ ಚಕ್ರ ಬಡಿಯುವುದು ಬೇರೆ. ಕಂಪನದ ಲೆಕ್ಕಕ್ಕೆ ನೆಲ ಎಷ್ಟು ಮರಳಿ ಏಳುತ್ತದೆ, ಎಷ್ಟು ಬೇಗ ಏಳುತ್ತದೆ ಎಂಬುದೂ ಬೇಕು. ಕಷ್ಟವಿರುವುದು ಅಲ್ಲಿಯೇ.

ಮಣ್ಣು ಕಂಪನವನ್ನು ನುಂಗುವುದಷ್ಟೇ ಅಲ್ಲ, ಬರೆದೂ ಇಡುತ್ತದೆ. ಮಣ್ಣು ರಸ್ತೆಗಳಲ್ಲಿ ಅಡ್ಡಡ್ಡಲಾಗಿ ಏಳುವ ಅಲೆಗಳನ್ನು ನೋಡಿದ್ದೀರಲ್ಲ? ಒಮ್ಮೆ ಪುಟಿದ ಚಕ್ರ ಕೆಳಗೆ ಬಿದ್ದಲ್ಲಿ ಗುಳಿ, ಆ ಗುಳಿಯಿಂದ ಮುಂದಿನ ಚಕ್ರಕ್ಕೆ ಇನ್ನೊಂದು ಪುಟಿತ. 2007ರಲ್ಲಿ ಟ್ಯಾಬರ್ಲೆ, ಮಾರಿಸ್, ಮೆಕೆಲ್ವೇನ್ ಎಂಬ ಮೂವರು ವಿಜ್ಞಾನಿಗಳು ತಿರುಗುವ ಮೇಜಿನ ಮೇಲೆ ಮರಳು ಹರಡಿ, ಅದರ ಮೇಲೆ ಒಂದು ಚಕ್ರವನ್ನು ಉರುಳಿಸಿ ಪರೀಕ್ಷಿಸಿದರು. ವೇಗ ಒಂದು ಮಿತಿಯನ್ನು ದಾಟುವವರೆಗೆ ಮರಳು ಸಮತಟ್ಟು; ದಾಟಿದರೆ ಅಲೆಗಳು ತಾವಾಗಿಯೇ ಮೂಡುತ್ತವೆ. ಸ್ಪ್ರಿಂಗ್ ಇಲ್ಲದಿದ್ದರೂ ಅಷ್ಟೆ. ನಿಧಾನವಾಗಿ ಸಾಗುವ ನಮ್ಮ ಗಾಡಿಗಳು ಜಾಡನ್ನು ಕೊರೆಯುತ್ತವೆಯೇ ಹೊರತು ಅಲೆಗಳನ್ನು ಎಬ್ಬಿಸದಿರಲು ಇದೇ ಕಾರಣವಿರಬೇಕು.

ಗುರುತ್ವ ಕಡಿಮೆಯಿರುವ ಕಡೆ ಪುಟಿದ ಚಕ್ರ ನೆಲ ಮುಟ್ಟುವುದು ಇನ್ನೂ ತಡ. 1972ರಲ್ಲಿ ಅಪೊಲೊ-16ರ ಜಾನ್ ಯಂಗ್ ಚಂದ್ರನ ಮೇಲೆ ರೋವರ್ ಓಡಿಸಿದಾಗ ಚಕ್ರಗಳು ಆಗಾಗ ನೆಲ ಬಿಟ್ಟೇಳುವುದನ್ನು ಚಲನಚಿತ್ರದಲ್ಲಿ ಕಾಣಬಹುದು. ಆ ವಾಹನದ ಹಿಂದೆ ಬೆಕ್ಕರರ ದುಡಿಮೆಯೂ ಇತ್ತು. ಅದಕ್ಕೆ ಹಾಕಿದ್ದು ಉಕ್ಕಿನ ತಂತಿಯಿಂದ ಹೆಣೆದ, ಬಾಗಿ ಬಳುಕುವ ಚಕ್ರಗಳನ್ನು. 2023ರಲ್ಲಿ ಚಂದ್ರನಿಗಿಳಿದ ನಮ್ಮ 26 ಕಿಲೋ ತೂಕದ ಪ್ರಜ್ಞಾನ್‌ಗೆ ಅಂಥ ಬಳುಕು ಬೇಕಾಗಲಿಲ್ಲ. ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗದಲ್ಲಿ ಪುಟಿಯುವ ಭಯವಿಲ್ಲ, ಹೂತುಹೋಗುವ ಭಯವುಂಟು. ಹಾಗಾಗಿಯೇ ಚಂದ್ರಯಾನ-2ರ ಕಾಲದಲ್ಲಿ ಇಸ್ರೋ ತಮಿಳುನಾಡಿನ ಸೀತಂಪೂಂಡಿಯ ಕಲ್ಲನ್ನು ಪುಡಿ ಮಾಡಿಸಿ, ಬೆಂಗಳೂರಿನಲ್ಲಿ ಚಂದ್ರನ ನೆಲದಂತೆ ಹಾಸಿ, ಅದರ ಮೇಲೆ ರೋವರಿನ ಚಕ್ರಗಳನ್ನು ಉರುಳಿಸಿ ನೋಡಿತು.