ಸಾಲ್ಮೊನೆಲ್ಲ: ಹಟ್ಟಿಯಿಂದ ಊಟದ ತಟ್ಟೆಗೆ

ಮನುಷ್ಯನನ್ನು ಕಾಡುವ ರೋಗಗಳಲ್ಲಿ ಕೆಲವು ಅವನಿಗೆ ಮಾತ್ರ ಮೀಸಲಾದವು. ಮತ್ತೆ ಕೆಲವು ಅವನಿಗೂ ಅವನು ಸಾಕಿದ ಪ್ರಾಣಿಗಳಿಗೂ ಸಮಾನವಾದವು. ಈ ಎರಡು ಬಗೆಗಳೂ ಒಂದೇ ಕುಲದ ಸೂಕ್ಷ್ಮಜೀವಿಗಳಿಂದ ಉಂಟಾಗುವುದನ್ನು ಕಾಣಬೇಕಾದರೆ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯಗಳನ್ನು ಗಮನಿಸಬೇಕು. ಮಿಲಿಮೀಟರಿನ ಸಾವಿರದಲ್ಲಿ ಎರಡರಿಂದ ಐದು ಪಾಲಿನಷ್ಟು ಮಾತ್ರ ಉದ್ದವಿರುವ, ಕಡ್ಡಿಯಾಕಾರದ ಈ ಜೀವಿಗಳಲ್ಲಿ 2,500ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ.

ಇವುಗಳ ಹೆಸರಿಗೂ ಸಾಲ್ಮನ್ ಮೀನಿಗೂ ಯಾವ ಸಂಬಂಧವೂ ಇಲ್ಲ. 1885ರಲ್ಲಿ ಅಮೆರಿಕದ ವ್ಯವಸಾಯ ಇಲಾಖೆಯಲ್ಲಿ ಥಿಯೊಬಾಲ್ಡ್ ಸ್ಮಿತ್ ಎಂಬ ವಿಜ್ಞಾನಿಯು ರೋಗಪೀಡಿತವಾದ ಹಂದಿಗಳಿಂದ ಇಂಥ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿದನು. ಹಂದಿಗಳ ಆ ರೋಗಕ್ಕೆ ಇದೇ ಕಾರಣವೆಂದು ಆಗ ನಂಬಲಾಯಿತು. ಅದಕ್ಕೆ ಕಾರಣ ವೈರಸ್ ಎಂಬುದು ಮುಂದೆ ತಿಳಿದುಬಂದರೂ, ಸ್ಮಿತ್ತನ ಮೇಲಧಿಕಾರಿಯಾಗಿದ್ದ ಪಶುವೈದ್ಯ ಡೇನಿಯಲ್ ಸಾಲ್ಮನ್ನನ ಹೆಸರು ಈ ಕುಲಕ್ಕೆ ಶಾಶ್ವತವಾಗಿ ಉಳಿಯಿತು.

ಈ ಕುಲದ ಪ್ರಸಿದ್ಧ ಸದಸ್ಯನು ವಿಷಮಶೀತ ಜ್ವರದ ಬ್ಯಾಕ್ಟೀರಿಯ. ಅದು ನೆಲೆಸುವುದು ಮನುಷ್ಯನಲ್ಲಿ ಮಾತ್ರ. ಆದುದರಿಂದ ಕುಡಿಯುವ ನೀರು ಶುದ್ಧವಾಗಿ, ಮಲವಿಸರ್ಜನೆಯ ವ್ಯವಸ್ಥೆ ಸರಿಯಾಗಿ, ರೋಗವಾಹಕರಾದವರಿಗೆ ಚಿಕಿತ್ಸೆ ದೊರೆತರೆ ಅದನ್ನು ಹತ್ತಿಕ್ಕಬಹುದು. ಆದರೆ ಅದರ ದಾಯಾದಿಗಳಲ್ಲಿ ಹೆಚ್ಚಿನವು ದನ, ಹಂದಿ, ಕೋಳಿ, ಇಲಿ, ಆಮೆ ಮೊದಲಾದ ಪ್ರಾಣಿಗಳ ಕರುಳಿನಲ್ಲಿ ವಾಸಿಸುತ್ತವೆ. ಎಳೆಗರುಗಳಿಗೂ ಕೋಳಿಮರಿಗಳಿಗೂ ಇವು ಮಾರಕವಾಗಬಲ್ಲವು. ಬೆಳೆದ ಪ್ರಾಣಿಗಳಲ್ಲಿಯಾದರೋ ಅನೇಕ ವೇಳೆ ರೋಗದ ಒಂದು ಚಿಹ್ನೆಯೂ ಕಾಣುವುದಿಲ್ಲ. ಇಂಥ ಪ್ರಾಣಿಯ ಮಾಂಸ, ಹಾಲು, ಮೊಟ್ಟೆಗಳ ಮೂಲಕ ಸೋಂಕು ಮನುಷ್ಯನನ್ನು ಸೇರುತ್ತದೆ. ಆರು ಗಂಟೆಗಳಿಂದ ಆರು ದಿನಗಳೊಳಗಾಗಿ ಹೊಟ್ಟೆನೋವು, ಭೇದಿ, ಜ್ವರ ಕಾಣಿಸಿಕೊಳ್ಳುತ್ತವೆ. ಬಹುಮಂದಿ ಒಂದು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಹಸುಳೆಗಳಲ್ಲಿ, ವೃದ್ಧರಲ್ಲಿ, ದುರ್ಬಲರಲ್ಲಿ ಸೋಂಕು ರಕ್ತಕ್ಕೆ ಇಳಿದು ಪ್ರಾಣಕ್ಕೇ ಎರವಾಗಬಹುದು.

ಇದು ಎಷ್ಟು ದೊಡ್ಡ ಅನಾಹುತಕ್ಕೆ ಎಡೆಗೊಡಬಲ್ಲುದೆಂಬುದನ್ನು ಸ್ವೀಡನ್ ದೇಶವು 1953ರ ಬೇಸಗೆಯಲ್ಲಿ ಕಂಡಿತು. ದೇಶದ ದಕ್ಷಿಣ ಭಾಗದ ಆಲ್ವೆಸ್ಟ ಎಂಬ ಊರಿನ ಕಸಾಯಿಖಾನೆಯಿಂದ ಹೊರಟ ಮಾಂಸವು ಸೋಂಕನ್ನು ದೂರದೂರಕ್ಕೆ ಹರಡಿತು. ಸುಮಾರು 9,000 ಮಂದಿ ಕಾಯಿಲೆ ಬಿದ್ದರು. ಸುಮಾರು 90 ಮಂದಿ ಸತ್ತರು. ಇದು ನಡೆದದ್ದು ಶುಚಿತ್ವಕ್ಕೆ ಹೆಸರಾದ, ವೈದ್ಯ ಸೌಲಭ್ಯಗಳಿಂದ ಕೂಡಿದ ನಾಡಿನಲ್ಲಿ ಎಂಬುದನ್ನು ನಾವು ಮರೆಯಬಾರದು.

ಬೇಸಗೆಗೂ ಇಂಥ ವಿಪತ್ತಿಗೂ ಇರುವ ನಂಟನ್ನು ಭೌತವಿಜ್ಞಾನದ ಸರಳ ನಿಯಮಗಳಿಂದಲೇ ತಿಳಿಯಬಹುದು. ನಮ್ಮ ದೇಹದ ಉಷ್ಣತೆಯಾದ 37 ಡಿಗ್ರಿ ಸೆಂಟಿಗ್ರೇಡಿನ ಸುತ್ತಮುತ್ತ, ಆಹಾರ ಅನುಕೂಲವಾಗಿದ್ದರೆ, ಈ ಜೀವಿಯು ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಒಂದು ಗಂಟೆಯಲ್ಲಿ ಒಂದು ಎಂಟಾಗುತ್ತದೆ. ಇದೇ ವೇಗದಲ್ಲಿ ಬೆಳೆದರೆ ಏಳು ಗಂಟೆಗಳಲ್ಲಿ 20 ಲಕ್ಷವನ್ನು ಮೀರುತ್ತದೆ. ಇತ್ತ ಮಾಂಸವು ಶಾಖವನ್ನು ಬಹು ನಿಧಾನವಾಗಿ ಸಾಗಿಸುವ ವಸ್ತು. ತುಂಡಿನ ದಪ್ಪ ಇಮ್ಮಡಿಯಾದರೆ ಅದರ ನಡುಭಾಗ ತಣಿಯಲು ಬೇಕಾಗುವ ಕಾಲವು ಸುಮಾರು ನಾಲ್ಮಡಿಯಾಗುತ್ತದೆ. ಆದಕಾರಣ ಹೊರಗೆ ತಣ್ಣಗಿರುವ ದಪ್ಪ ಮಾಂಸದ ಒಳಗೆ ಗಂಟೆಗಟ್ಟಲೆ ಬೆಚ್ಚನೆಯ ತಾಣವೊಂದು ಉಳಿದಿರಬಹುದು. ಬೇಯಿಸುವಾಗಲೂ ಇದೇ ನಿಯಮ: ಹೊರಮೈ ಕಂದಿದ್ದರೂ ನಡುವು ಹಸಿಯಾಗಿರಬಹುದು.

ತಣಿಸಿದರೆ ಸಾಕೇ ಎಂದು ಓದುಗರು ಕೇಳಬಹುದು. ಸಾಲದು. ಶೈತ್ಯವು ಈ ಜೀವಿಗಳ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಎಲ್ಲವನ್ನೂ ಕೊಲ್ಲುವುದಿಲ್ಲ. 1994ರಲ್ಲಿ ಅಮೆರಿಕದಲ್ಲಿ ಕಾಯಿಸದ ಮೊಟ್ಟೆಯ ದ್ರವವನ್ನು ಸಾಗಿಸಿದ್ದ ಟ್ಯಾಂಕರುಗಳಲ್ಲಿಯೇ ಐಸ್‌ಕ್ರೀಮಿನ ಮಿಶ್ರಣವನ್ನೂ ಸಾಗಿಸಿದರು. ಮಿಶ್ರಣವನ್ನು ಮೊದಲೇ ಕಾಯಿಸಿ ಶುದ್ಧಿಮಾಡಿದ್ದರೂ ಸಾಗಿಸಿದ ಮೇಲೆ ಮತ್ತೊಮ್ಮೆ ಕಾಯಿಸಲಿಲ್ಲ. ಆ ಐಸ್‌ಕ್ರೀಮನ್ನು ತಿಂದು ಸುಮಾರು 2,24,000 ಮಂದಿ ಕಾಯಿಲೆ ಬಿದ್ದರೆಂದು ಅಂದಾಜು ಮಾಡಲಾಯಿತು. ಘನೀಭವಿಸಿದ ಆಹಾರದಲ್ಲಿಯೂ ಸೋಂಕು ಜೀವಂತವಾಗಿತ್ತು!

ಕೋಳಿಮೊಟ್ಟೆಯ ವಿಚಾರ ಇನ್ನೂ ಸೂಕ್ಷ್ಮವಾದುದು. ಚಿಪ್ಪಿಗೆ ಅಂಟಿದ ಕೊಳೆಯಿಂದ ಮಾತ್ರ ಸೋಂಕು ಬರುತ್ತದೆಂದು ಭಾವಿಸಬಾರದು. ಎಂಟೆರಿಟಿಡಿಸ್ ಎಂಬ ಬಗೆಯು ಆರೋಗ್ಯವಾಗಿರುವಂತೆ ತೋರುವ ಕೋಳಿಯ ಅಂಡಾಶಯದಲ್ಲಿಯೇ ನೆಲೆಸಿ, ಚಿಪ್ಪು ರೂಪುಗೊಳ್ಳುವ ಮೊದಲೇ ಮೊಟ್ಟೆಯನ್ನು ಸೇರಬಲ್ಲುದು. ಎಷ್ಟು ತೊಳೆದರೂ ಅದು ಹೋಗುವಂತಿಲ್ಲ.

ಹಾಗಾದರೆ ಪರಿಹಾರವೆಲ್ಲಿದೆ? ಸ್ವೀಡನ್ ಅದನ್ನು ಅಡಿಗೆಮನೆಯಲ್ಲಿ ಮಾತ್ರ ಹುಡುಕಲಿಲ್ಲ, ಹಟ್ಟಿಯವರೆಗೆ ಹೋಯಿತು. 1961ರಿಂದ ಅಲ್ಲಿ ಕಾನೂನಿನ ಬಲದಿಂದ ಸೋಂಕಿನ ನಿಯಂತ್ರಣ ನಡೆಯಿತು. ಕೋಳಿಗಳ ಮೇವನ್ನು ಬಿಸಿಮಾಡಿ ಸೋಂಕು ಕಳೆಯುವುದು, ಹಿಂಡುಗಳನ್ನು ಆಗಾಗ್ಗೆ ಪರೀಕ್ಷಿಸುವುದು, ಸೋಂಕು ಕಂಡ ಹಿಂಡಿನ ಮಾಂಸ ಮಾರುಕಟ್ಟೆಗೆ ಬಾರದಂತೆ ತಡೆಯುವುದು ಅಲ್ಲಿನ ಕ್ರಮ. ಇದರ ವೆಚ್ಚ ಸಣ್ಣದಲ್ಲ, ಫಲವೂ ಸಣ್ಣದಲ್ಲ. ಅಲ್ಲಿನ ಕೋಳಿಗಳಲ್ಲಿ ಈ ಸೋಂಕು ಇಂದು ಬಹು ವಿರಳ. 1995ರಲ್ಲಿ ಯೂರೋಪಿನ ಒಕ್ಕೂಟವನ್ನು ಸೇರುವಾಗ, ತನ್ನಲ್ಲಿಗೆ ಬರುವ ಮಾಂಸ, ಮೊಟ್ಟೆಗಳು ಪರೀಕ್ಷೆಗೊಳಗಾಗಿರಬೇಕೆಂಬ ವಿಶೇಷ ಹಕ್ಕನ್ನು ಸ್ವೀಡನ್ ಪಡೆದುಕೊಂಡಿತು. ಬ್ರಿಟನ್ನಿನಲ್ಲಿಯೂ 1998ರಿಂದ ಮೊಟ್ಟೆಯ ಕೋಳಿಗಳಿಗೆ ಲಸಿಕೆ ಹಾಕುವ ಯೋಜನೆ ಹಬ್ಬಿದ ಮೇಲೆ ಮನುಷ್ಯರಲ್ಲಿ ಈ ಸೋಂಕು ಗಣನೀಯವಾಗಿ ಇಳಿಯಿತು.

ಮನೆಯಲ್ಲಿ ನಾವು ಮಾಡಬಹುದಾದುದು ಅಲ್ಪವಾದರೂ ಅವಶ್ಯಕವಾದುದು. ಮಾಂಸ, ಮೊಟ್ಟೆಗಳನ್ನು ನಡುಭಾಗದವರೆಗೂ ಬೇಯಿಸಬೇಕು. ಹಾಲನ್ನು ಕಾಯಿಸದೆ ಕುಡಿಯಬಾರದು. ಹಸಿಮಾಂಸ ಹೆಚ್ಚಿದ ಮಣೆಯ ಮೇಲೆ ತೊಳೆಯದೆ ಕಾಯಿ ಹೆಚ್ಚಬಾರದು. ಉಳಿದ ಅಡಿಗೆಯನ್ನು ದೊಡ್ಡ ಪಾತ್ರೆಯಲ್ಲಿ ರಾತ್ರಿಯೆಲ್ಲ ಬಿಡದೆ, ಅಗಲವಾದ ಪಾತ್ರೆಗಳಲ್ಲಿ ತೆಳುವಾಗಿ ಹರಡಿ ಬೇಗ ತಣಿಸಿಡಬೇಕು. ಬೆಂಕಿಯು ನಮ್ಮ ಕೊನೆಯ ಕೋಟೆ. ಆದರೆ ಕೋಟೆಯ ಬಾಗಿಲವರೆಗೂ ಶತ್ರುವನ್ನು ಬರಗೊಡುವುದು ಜಾಣತನವಲ್ಲ. ಮಾತಿನಲ್ಲಿ ನೋವನ್ನು ಹೇಳಲಾರದ ದನಕರು, ಕೋಳಿಗಳ ಆರೋಗ್ಯವನ್ನು ಕಾಯುವ ಪಶುವೈದ್ಯನು ನಮ್ಮ ಮಕ್ಕಳ ಆರೋಗ್ಯವನ್ನೂ ಕಾಯುತ್ತಿದ್ದಾನೆಂಬುದನ್ನು ಸಮಾಜವು ಮನಗಾಣಬೇಕು.