ನಗಿಸಲು ಹೊರಟರೆ ನಗು ಬಾರದು

ಜೋಕರ್‌ಗಳು ಎಷ್ಟು ಸರ್ಕಸ್ ಮಾಡಿದರೂ ಡೇರೆಯೊಳಗೆ ನಗುವವರಿಲ್ಲ. ಜನರಿಗೆ ಆಕಳಿಕೆ. ಅಷ್ಟರಲ್ಲಿ ಪೊಲೀಸನಿಂದ ತಪ್ಪಿಸಿಕೊಂಡು ಓಡಿಬಂದ ಅಲೆಮಾರಿಯೊಬ್ಬ ರಂಗದ ನಡುವೆ ನುಗ್ಗುತ್ತಾನೆ. ಅವನು ಎಡವಿದರೂ ನಗು, ಅಡಗಿದರೂ ನಗು. ಇಡೀ ಡೇರೆ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಆದರೆ ಅವನಿಗೆ ಅದರ ಪರಿವೆಯೇ ಇಲ್ಲ. ಕಳ್ಳನೊಬ್ಬ ತನ್ನ ಜೇಬಿಗೆ ತುರುಕಿದ ಪರ್ಸಿನಿಂದ ಬಂದ ಆಪತ್ತಿನಿಂದ ಪಾರಾದರೆ ಸಾಕಾಗಿದೆ.

ಚಾರ್ಲಿ ಚಾಪ್ಲಿನ್ ಬರೆದು, ನಿರ್ದೇಶಿಸಿ, ನಟಿಸಿದ 'ದಿ ಸರ್ಕಸ್' ಎಂಬ ಮೂಕಿ ಚಿತ್ರದ ದೃಶ್ಯವಿದು. ಅದು ತೆರೆ ಕಂಡದ್ದು 1928ರ ಜನವರಿಯಲ್ಲಿ. ಚಾಪ್ಲಿನ್ ಹೆಸರು ಹೇಳಿದೊಡನೆ 'ದಿ ಗೋಲ್ಡ್ ರಷ್', 'ಸಿಟಿ ಲೈಟ್ಸ್', 'ಮಾಡರ್ನ್ ಟೈಮ್ಸ್' ನೆನಪಾಗುತ್ತವೆ. 'ದಿ ಸರ್ಕಸ್' ಹಿಂದೆ ಉಳಿಯುತ್ತದೆ. ಆದರೆ ನಗು ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಎತ್ತಿಕೊಂಡ ಚಿತ್ರಗಳು ಕಡಿಮೆ.

ಅಲೆಮಾರಿಯ ಆಟ ಕಂಡ ಸರ್ಕಸ್ ಮಾಲೀಕ ಅವನನ್ನು ಕರೆಸಿ, ನಗಿಸಿ ತೋರಿಸು ಎನ್ನುತ್ತಾನೆ. ಅಪ್ಪಣೆಯಾದದ್ದೇ ತಡ, ಅವನ ಹಾಸ್ಯವೆಲ್ಲ ಬತ್ತಿಹೋಗುತ್ತದೆ. ಕೊನೆಗೆ ಸಾಮಾನು ಹೊರುವ ಆಳಾಗಿ ಸೇರುತ್ತಾನೆ. ತಟ್ಟೆಗಳ ರಾಶಿ ಹೊತ್ತು ಬರುವಾಗ ಕತ್ತೆಯೊಂದು ಬೆನ್ನಟ್ಟುತ್ತದೆ. ಅವನು ರಂಗಕ್ಕೆ ಬಂದು ಬಿದ್ದಾಗ ಮತ್ತೆ ಅದೇ ನಗು. ಮಾಲೀಕ ಜಾಣ, ಆಳಿನ ಕೂಲಿ ಕೊಟ್ಟು ಪ್ರಮುಖ ಆಟಗಾರನ ದುಡಿಮೆ ಪಡೆಯುತ್ತಾನೆ. ಜನ ಬರುತ್ತಿರುವುದು ನಿನಗಾಗಿ ಎಂಬ ಗುಟ್ಟನ್ನು ತಿಳಿಸುವವಳು ಮಾಲೀಕನ ಮಲಮಗಳು. ಅವಳನ್ನು ಅವನು ಪ್ರೀತಿಸುತ್ತಾನೆ. ಅವಳ ಮನಸ್ಸು ಹಗ್ಗದ ಮೇಲೆ ನಡೆಯುವ ಯುವಕನ ಮೇಲೆ. ಅದು ತಿಳಿದ ದಿನದಿಂದ ಇವನ ಆಟಕ್ಕೆ ಯಾರೂ ನಗುವುದಿಲ್ಲ.

ತೆರೆಯ ಮೇಲಿನ ಈ ಕಷ್ಟ ತೆರೆಯ ಹಿಂದೆಯೂ ಇತ್ತು. ಚಿತ್ರೀಕರಣಕ್ಕೆ ಮುನ್ನವೇ ಬಿರುಗಾಳಿಗೆ ಡೇರೆ ಹಾಳಾಯಿತು. ಚಾಪ್ಲಿನ್ ಹಗ್ಗದ ಮೇಲೆ ನಡೆಯುವುದನ್ನು ಕಲಿತು ಅಭಿನಯಿಸಿದ ಮೊದಲ ದೃಶ್ಯಗಳ ಫಿಲ್ಮಿನ ಮೇಲೆ ಲ್ಯಾಬೊರೇಟರಿಯಲ್ಲಿ ಗೀರು ಬಿತ್ತು. ಎಲ್ಲವನ್ನೂ ಮತ್ತೆ ತೆಗೆಯಬೇಕಾಯಿತು. ಸಿಂಹದ ಬೋನಿನ ದೃಶ್ಯವನ್ನು ಸುಮಾರು 200 ಸಲ ಚಿತ್ರೀಕರಿಸಲಾಯಿತು. ಅನೇಕ ಸಲ ಆತ ಬೋನಿನ ಒಳಗೇ ಇದ್ದ. 1926ರ ಸೆಪ್ಟೆಂಬರಿನಲ್ಲಿ ಸ್ಟುಡಿಯೋಗೆ ಬೆಂಕಿ ಬಿತ್ತು.

ಅದರ ಬೆನ್ನಿಗೇ ಸಂಸಾರ ಒಡೆಯಿತು. ಪತ್ನಿ ಲೀಟಾ ಗ್ರೇ 1927ರ ಜನವರಿಯಲ್ಲಿ ವಿಚ್ಛೇದನಕ್ಕೆ ದಾವೆ ಹೂಡಿದರು. ಪತ್ರಿಕೆಗಳಿಗೆ ಹಬ್ಬವಾಯಿತು. ತೆರಿಗೆ ಇಲಾಖೆಯ ತಗಾದೆಯೂ ಜತೆಗೂಡಿತು. ಚಿತ್ರದ ಕೆಲಸ ತಿಂಗಳುಗಟ್ಟಲೆ ನಿಂತುಹೋಯಿತು. ಅದೇ ಆಗಸ್ಟಿನಲ್ಲಿ 6 ಲಕ್ಷ ಡಾಲರಿಗೂ ಮಿಕ್ಕ ಪರಿಹಾರದೊಂದಿಗೆ ದಾವೆ ಮುಗಿಯಿತು. ಆ ದಿನಗಳಲ್ಲಿ ಅದು ಕೇಳರಿಯದ ಮೊತ್ತ. ಆಮೇಲೆ ಮತ್ತೆ ಬಣ್ಣ ಹಚ್ಚಿ, ಹಿಂದೆ ನಿಲ್ಲಿಸಿದ್ದ ನಗುವಿನ ಎಳೆಯನ್ನು ಹಿಡಿಯಬೇಕಾಗಿತ್ತು.

ಕಾಲವೂ ಬದಲಾಗುತ್ತಿತ್ತು. ಚಿತ್ರದ ಬಿಡುಗಡೆಗೆ ಮೂರು ತಿಂಗಳ ಮುಂಚೆ, 1927ರ ಅಕ್ಟೋಬರಿನಲ್ಲಿ, 'ದಿ ಜಾಝ್ ಸಿಂಗರ್' ಬಂದು ತೆರೆಗೆ ಮಾತು ಕೊಟ್ಟಿತ್ತು. 1929ರ ಮೇ ತಿಂಗಳಲ್ಲಿ ನಡೆದ ಮೊದಲ ಆಸ್ಕರ್ ಸಮಾರಂಭದಲ್ಲಿ ಎರಡು ವಿಶೇಷ ಪುರಸ್ಕಾರಗಳಿದ್ದವು. ಒಂದು 'ಜಾಝ್ ಸಿಂಗರ್' ನಿರ್ಮಿಸಿದ ವಾರ್ನರ್ ಬ್ರದರ್ಸ್ ಸಂಸ್ಥೆಗೆ, ಇನ್ನೊಂದು 'ದಿ ಸರ್ಕಸ್'ಗಾಗಿ ಚಾಪ್ಲಿನ್‌ಗೆ. ಬರುವ ಯುಗಕ್ಕೂ ಹೋಗುವ ಯುಗಕ್ಕೂ ಒಂದೇ ವೇದಿಕೆಯಲ್ಲಿ ಸನ್ಮಾನವಾದಂತಾಯಿತು.

ಇಷ್ಟಾದರೂ 1964ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಚಾಪ್ಲಿನ್ ಈ ಚಿತ್ರದ ಬಗ್ಗೆ ಮೌನ ವಹಿಸಿದ್ದೇ ಹೆಚ್ಚು. ನೆನೆಯಲು ಮನಸ್ಸಾಗದ ಕಾಲವದು. ಆದರೆ 1960ರ ದಶಕದ ಕೊನೆಯಲ್ಲಿ ಆತ ಅದೇ ಚಿತ್ರಕ್ಕೆ ಮರಳಿದ. ಹೊಸದಾಗಿ ಸಂಗೀತ ಸಂಯೋಜಿಸಿ, ಆರಂಭದ ಹಾಡನ್ನು ತಾನೇ ಹಾಡಿದ. ಎಂಬತ್ತರ ಹೊಸ್ತಿಲಿನ ಆ ದನಿಯೊಂದಿಗೇ ಚಿತ್ರ ಮತ್ತೆ ತೆರೆಗೆ ಬಂತು.

ಕೊನೆಯ ದೃಶ್ಯದಲ್ಲಿ ಅಲೆಮಾರಿ ತಾನೇ ಮುಂದೆ ನಿಂತು ಆ ಹುಡುಗಿಯ ಮದುವೆ ಮಾಡಿಸುತ್ತಾನೆ. ಸರ್ಕಸ್ಸಿನ ಬಂಡಿಗಳು ಸಾಲಾಗಿ ಊರು ಬಿಡುತ್ತವೆ. ಬಯಲಲ್ಲಿ ಉಳಿಯುವುದು ರಂಗದ ದುಂಡನೆಯ ಗುರುತು, ಅದರ ನಡುವೆ ಅವನೊಬ್ಬ. ನಕ್ಷತ್ರದ ಚಿತ್ರವಿದ್ದ ಹರಿದ ಕಾಗದವನ್ನು ಮುದುಡಿ, ಹಿಂಗಾಲಿನಿಂದ ಒದ್ದು, ಎದ್ದು ನಡೆಯುತ್ತಾನೆ. ಅಷ್ಟು ಹೊತ್ತು ನಕ್ಕ ಪ್ರೇಕ್ಷಕ ಆಗ ಸುಮ್ಮನಾಗುತ್ತಾನೆ. ನಗುವಿಗೆ ಬೆಲೆ ತೆತ್ತವರು ಯಾರೆಂಬುದು ಅವನಿಗೆ ಗೊತ್ತಾಗುವುದು ಆ ಗಳಿಗೆಯಲ್ಲಿ.